ಇಂಗ್ಲೆಂಡಿನ ನಾರ್ವಿಚ್ ನಗರಕ್ಕೆ ವಲಸೆ ನೇಕಾರರು ಬಂದದ್ದು 1565ರಲ್ಲೋ 1685ರಲ್ಲೋ?

ನೀವು ಎರಡು ವಲಸೆಗಳನ್ನು ಒಂದೇ ಮಾಡಿಕೊಂಡಿರುವ ಹಾಗಿದೆ, ಅದಕ್ಕೇ ಎರಡು ಇಸವಿ. 1685 ಅಂದರೆ ಫ್ರಾನ್ಸಿನಲ್ಲಿ ಪ್ರಾಟೆಸ್ಟಂಟರಿಗೆ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟಿದ್ದ ನಾಂಟ್ ಶಾಸನ ರದ್ದಾದ ವರ್ಷ, ಅದು ಹ್ಯೂಗನಾಟರ, ಅಂದರೆ ಫ್ರೆಂಚ್ ಪ್ರಾಟೆಸ್ಟಂಟರ ಕತೆ. ನಿಮ್ಮ ಪ್ರಬಂಧದಿಂದ ಮೊದಲು ಅದನ್ನು ತೆಗೆಯಿರಿ.

ಆಮೇಲೆ 1565ರಿಂದ ಶುರು ಮಾಡಿ. ಉಣ್ಣೆ ಬಟ್ಟೆಯ ವ್ಯಾಪಾರ ಬಿದ್ದುಹೋಗಿತ್ತು. ನಗರದವರೇ 30 ಮನೆಯವರನ್ನು ಕರೆಸಿಕೊಂಡರು, 24 ಡಚ್, 6 ವಲೂನ್ (ಫ್ರೆಂಚ್ ಮಾತಾಡುವವರು). ನೆದರ್ಲೆಂಡ್ಸ್ ಪ್ರದೇಶದಲ್ಲಿ ಸ್ಪೇನ್ ದೊರೆಯ ಆಳ್ವಿಕೆಯ ಕಾಟಕ್ಕೆ ಊರು ಬಿಟ್ಟ ಪ್ರಾಟೆಸ್ಟಂಟರು ಇವರು. ದಪ್ಪ ಉಣ್ಣೆಯ ಜಾಗಕ್ಕೆ ತೆಳುವಾದ, ಅಗ್ಗದ ಬಟ್ಟೆ ತಂದರು. 1579ರ ಹೊತ್ತಿಗೆ ಸುಮಾರು 6,000 ಜನ, ಹೆಚ್ಚುಕಮ್ಮಿ ಊರಿನ ಮೂರನೇ ಒಂದು ಪಾಲು! 1570ರಲ್ಲಿ ಇವರನ್ನು ಓಡಿಸಲು ಪಿತೂರಿ ನಡೆದದ್ದನ್ನೂ ಬಿಡಬೇಡಿ.

ಕ್ಯಾನರಿ ಹಕ್ಕಿ ಇವರೇ ತಂದದ್ದು ಅನ್ನುವುದು ಪ್ರತೀತಿ. 'ಎನ್ನುತ್ತಾರೆ' ಅಂತಲೇ ಬರೆಯಿರಿ.