42ರ ವಯಸ್ಸಿನಲ್ಲಿ ಮಗಳ ಜೊತೆಗೇ ಈಜು ಕಲಿಯಬಹುದೇ?

7 ವರ್ಷದ ಮಗಳನ್ನು ದಾವಣಗೆರೆಯಲ್ಲಿ ಈಜಿನ ತರಗತಿಗೆ ಸೇರಿಸುವಾಗ 42ರ ನೀವೂ ಜೊತೆಗೇ ಕಲಿಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಕಲಿಯಬಹುದು, ಆದರೆ ತರಗತಿ ಬೇರೆಯಾಗಿರಲಿ. ಮಕ್ಕಳು ಆಟವಾಡುತ್ತಲೇ ತೇಲುವುದನ್ನು ಕಲಿಯುತ್ತಾರೆ, ದೊಡ್ಡವರಿಗೆ ಮೊದಲು ಬಿಡಿಸಬೇಕಾದದ್ದು ಉಸಿರು ಬಿಗಿಹಿಡಿಯುವ ಅಭ್ಯಾಸ. ಹೆದರಿದವರು ತಲೆಯನ್ನು ನೀರಿನಿಂದ ಮೇಲೆತ್ತುತ್ತಾರೆ, ಎತ್ತಿದೊಡನೆ ಸೊಂಟವೂ ಕಾಲೂ ಕೆಳಗಿಳಿಯುತ್ತವೆ, ಇಳಿದ ಕಾಲನ್ನು ಮೇಲೆ ತರಲು ಜೋರಾಗಿ ಬಡಿದು ಎರಡೇ ನಿಮಿಷದಲ್ಲಿ ಏದುಸಿರು ಬಿಡುತ್ತಾರೆ. ಆದ್ದರಿಂದ ಎದೆಮಟ್ಟದ ನೀರಿನಲ್ಲಿ ಕೊಳದ ಅಂಚು ಹಿಡಿದು, ಮುಖ ಮುಳುಗಿಸಿ, ಮೂಗಿನಿಂದ ಗುಳುಗುಳು ಗುಳ್ಳೆ ಬಿಡುತ್ತಾ ಉಸಿರನ್ನು ಪೂರ್ತಿ ಹೊರಹಾಕಿ, ತಲೆ ಹೊರಳಿಸಿ ಬಾಯಿಂದ ಒಳಗೆಳೆದುಕೊಳ್ಳುವುದನ್ನೇ ಮೊದಲ ವಾರವಿಡೀ ಮಾಡಿದರೂ ಅದು ವ್ಯರ್ಥವಲ್ಲ.

ನಮ್ಮ ಹಿರಿಯರು ಬೆನ್ನಿಗೆ ಒಣ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು ಬಾವಿಗೆ ಧುಮುಕಿ ಕಲಿತರೆಂಬ ಧೈರ್ಯದಲ್ಲಿ ಭದ್ರಾ ನಾಲೆಗೆ ಮಾತ್ರ ಇಳಿಯಬೇಡಿ. ಪಾಚಿಗಟ್ಟಿದ ಇಳಿಜಾರು ಕೈಗೆ ಹಿಡಿತವನ್ನೇ ಕೊಡುವುದಿಲ್ಲ, ಜೊತೆಗೆ ಸೆಳೆತ ಬೇರೆ. ಶುಲ್ಕ ಕಟ್ಟುವ ಮುನ್ನ ಒಂದು ಸಂಜೆ ಕೊಳದ ಬಳಿ ಸುಮ್ಮನೆ ಕುಳಿತು, ತರಬೇತುದಾರರು ನೀರಿಗಿಳಿದು ಕಲಿಸುತ್ತಾರೋ ಅಥವಾ ದಡದಲ್ಲಿ ನಿಂತು ಸೀಟಿ ಊದುತ್ತಾರೋ ನೋಡಿಕೊಳ್ಳಿ.