ಕಾಸಾಬ್ಲಾಂಕಾದಲ್ಲಿ ಎರಡು ದಿನ ಉಳಿಯಬೇಕೆ?

ಪ್ರಶ್ನೆ: ನಾನು ಬೀದರ್‌ನ ನಿವೃತ್ತ ಶಿಕ್ಷಕಿ. ಬರುವ ಜನವರಿಯಲ್ಲಿ ಮಗ ಮತ್ತು ಸೊಸೆಯೊಂದಿಗೆ ಮೊರಾಕ್ಕೊ ಪ್ರವಾಸಕ್ಕೆ ಹೊರಟಿದ್ದೇನೆ. ಕಾಸಾಬ್ಲಾಂಕಾ ಬರಿಯ ಬಂದರು, ಅಲ್ಲಿನ ದೊಡ್ಡ ಮಸೀದಿಯನ್ನು ನೋಡಿಕೊಂಡು ಅದೇ ದಿನ ಫೆಸ್ ನಗರಕ್ಕೆ ಹೊರಡಿ ಎಂದು ಪ್ರವಾಸ ಏರ್ಪಡಿಸುವವರು ಹೇಳುತ್ತಾರೆ. ಹಳೆಯ ಕಟ್ಟಡಗಳೆಂದರೆ ನನಗೆ ಪ್ರೀತಿ. ಅಲ್ಲಿ ಎರಡು ದಿನ ಉಳಿಯುವುದು ಸಾರ್ಥಕವೇ?

ಉತ್ತರ: ಖಂಡಿತ ಉಳಿಯಿರಿ. ಆದರೆ ಫೆಸ್‌ನಂಥ ಪ್ರಾಚೀನತೆಯನ್ನು ಇಲ್ಲಿ ಹುಡುಕಬೇಡಿ. ಕಾಸಾಬ್ಲಾಂಕಾದ ಸಂಪತ್ತು ಇಪ್ಪತ್ತನೆಯ ಶತಮಾನದ್ದು. 1912ರಲ್ಲಿ ಫ್ರೆಂಚರ ಆಡಳಿತ ಬಂದ ಮೇಲೆ ಆನ್ರಿ ಪ್ರೋಸ್ಟ್ ಎಂಬ ವಾಸ್ತುಶಿಲ್ಪಿ ನಗರದ ನಕ್ಷೆ ಹಾಕಿದರು. ಐರೋಪ್ಯರಿಗೆ ಅಗಲ ಬೀದಿಗಳ ಹೊಸ ಊರು, ಸ್ಥಳೀಯರಿಗೆ ಮದೀನಾ, ಅಂದರೆ ಗೋಡೆಯೊಳಗಿನ ಹಳೆಯ ಪೇಟೆ, ಎಂಬ ಭೇದವೂ ಆ ಕಾಲದ ಯೋಜನೆಯಲ್ಲಿಯೇ ಇತ್ತು. ಕಟ್ಟಡಗಳ ಚೆಲುವನ್ನು ಮೆಚ್ಚುವಾಗ ಈ ಸಂಗತಿಯನ್ನೂ ನೆನಪಿನಲ್ಲಿಡಬೇಕೆಂದು ನನ್ನ ಕೋರಿಕೆ.

ಮೊದಲ ದಿನ ದೊರೆ ಐದನೆಯ ಮೊಹಮ್ಮದ್ ಹೆಸರಿನ ಚೌಕದಿಂದ ಆರಂಭಿಸಿ. ಅಲ್ಲಿನ ನ್ಯಾಯಾಲಯ ಮತ್ತು ಅಂಚೆ ಕಚೇರಿಗಳು ಫ್ರೆಂಚ್ ವಿನ್ಯಾಸಕ್ಕೆ ಮೊರಾಕ್ಕೊದ ಕಮಾನು, ಹೆಂಚು, ಬಣ್ಣದ ಬಿಲ್ಲೆಗಳನ್ನು ಜೋಡಿಸಿಕೊಂಡ ಶೈಲಿಯವು. ಅದೇ ಹೆಸರಿನ ಅಗಲ ಬೀದಿಯಲ್ಲಿ ಟ್ರಾಮ್ ಓಡುತ್ತದೆಯಾದರೂ ನೀವು ನಡೆದೇ ಹೋಗಿ, ತಲೆಯೆತ್ತಿ ಮೇಲಿನ ಅಂತಸ್ತುಗಳ ಬಾಲ್ಕನಿಗಳನ್ನು ನೋಡಿ. ಜನವರಿ ಅಲ್ಲಿ ಮಳೆಗಾಲವಾದರೂ ಅಂಗಡಿಗಳ ಮುಂದಿನ ಕಮಾನು ಮೊಗಸಾಲೆಯಲ್ಲಿ ನೆನೆಯದೆ ನಡೆಯಬಹುದು. ಕೆಲವು ಕಟ್ಟಡಗಳು ಶಿಥಿಲವಾಗಿರುವುದನ್ನು ಕಂಡು ನಿಮಗೆ ನೋವಾಗಬಹುದು. 1995ರಲ್ಲಿ ವಿಲ್ಲಾ ಮೋಕ್ರಿ ಎಂಬ ಮನೆಯನ್ನು ಕೆಡವಿದಾಗ, ಉಳಿದುದನ್ನಾದರೂ ಕಾಪಾಡೋಣವೆಂದು ಅಲ್ಲಿಯ ವಾಸ್ತುಶಿಲ್ಪಿಗಳೇ ಕಾಸಾಮೆಮ್ವಾರ್ ಎಂಬ ಸಂಘವನ್ನು ಕಟ್ಟಿದರು.

ಎರಡನೆಯ ದಿನವನ್ನು 1993ರಲ್ಲಿ ಪೂರ್ಣಗೊಂಡ, ದೊರೆ ಎರಡನೆಯ ಹಸನ್ ಹೆಸರಿನ ಮಸೀದಿಗೆ ಮೀಸಲಿಡಿ. ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ ನಿಂತ ಅದರ ಮಿನಾರು 200 ಮೀಟರಿಗೂ ಎತ್ತರ. ನಿಮಗೆ ಹೆಚ್ಚು ಹಿಡಿಸುವುದು ಗೋಡೆಗಳ ಜೆಲ್ಲಿಜ್ ಕೆಲಸವೆಂದು ನನ್ನ ಎಣಿಕೆ: ಮೆರುಗು ಕೊಟ್ಟು ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಸುತ್ತಿಗೆಯಿಂದ ಚೂರುಚೂರಾಗಿ ಕತ್ತರಿಸಿ, ಬಣ್ಣದ ಮೈ ಕೆಳಗಾಗುವಂತೆ ಜೋಡಿಸಿ, ಹಿಂಬದಿಗೆ ಗಾರೆ ಸುರಿದು ಹಿಡಿಸುತ್ತಾರೆ. ಹೊರಡುವ ಮೊದಲು ನಿಮ್ಮೂರಿನ ಮಹಮೂದ್ ಗಾವಾನ್ ಮದರಸಾಕ್ಕೆ ಒಮ್ಮೆ ಹೋಗಿ, 1472ರ ಆ ಕಟ್ಟಡದ ಮುಂಭಾಗದಲ್ಲೂ ಮಿನಾರಿನಲ್ಲೂ ಉಳಿದಿರುವ ಬಣ್ಣದ ಬಿಲ್ಲೆಗಳನ್ನು ಹತ್ತಿರದಿಂದ ಗಮನಿಸಿ ಬನ್ನಿ. ಬೀದರ್‌ನದು ಪರ್ಷಿಯದ ಪರಂಪರೆ, ಕಾಸಾಬ್ಲಾಂಕಾದ್ದು ಮಗ್ರಿಬ್‌ನದು, ಅಂದರೆ ವಾಯವ್ಯ ಆಫ್ರಿಕಾದ್ದು. ಎರಡರ ಅಂತರ ಆಗ ತಾನೇ ಕಣ್ಣಿಗೆ ಬೀಳುತ್ತದೆ.

ಮುಸ್ಲಿಮರಲ್ಲದವರು ಮಾರ್ಗದರ್ಶಿಯೊಂದಿಗೆ ಟಿಕೆಟ್ ಪಡೆದು ಹಸನ್ ಮಸೀದಿಯ ಒಳಗೆ ಹೋಗಬಹುದು. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪಿರಲಿ. ಶುಕ್ರವಾರ ಪ್ರಾರ್ಥನೆಯ ಕಾರಣ ವೀಕ್ಷಣೆಯ ಸಮಯ ಕಡಿಮೆಯಿರುತ್ತದೆ. ಆದ್ದರಿಂದ ಆ ದಿನ ಮಸೀದಿಗೆ ಹೋಗುವಂತೆ ಯೋಜಿಸಬೇಡಿ.