ಮುಖದ ಮೇಲಿನ ಬಟ್ಟೆ: ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ಒಂದು ಆಪ್ತಸಲಹೆ

ತೀರ್ಥಹಳ್ಳಿ ಕಡೆಯ, ಅರವತ್ತು ದಾಟಿದ ಅಡಿಕೆ ತೋಟದ ಹೆಣ್ಣುಮಗಳೊಬ್ಬರನ್ನು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಮಗ ನನ್ನಲ್ಲಿಗೆ ಕರೆತಂದಾಗ, ಅವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಅದಾಗಲೇ ಎರಡು ಸಲ ಮುಂದೆ ಹೋಗಿತ್ತು. ಮನೆಯಲ್ಲಿ ಹತೋಟಿಯಲ್ಲಿರುತ್ತಿದ್ದ ರಕ್ತದೊತ್ತಡ, ಶಿವಮೊಗ್ಗದ ಆಸ್ಪತ್ರೆಯ ಮೆಟ್ಟಿಲು ಹತ್ತಿದೊಡನೆ ಏರಿಬಿಡುತ್ತಿತ್ತು.

ಆತಂಕ ತಗ್ಗಿಸಲೆಂದು ನಮ್ಮಲ್ಲಿ ವರ್ಚುವಲ್ ರಿಯಾಲಿಟಿ ಕನ್ನಡಕವನ್ನು ಬಳಸುತ್ತೇವೆ. ಅದನ್ನು ತಲೆಗೆ ಕಟ್ಟಿಕೊಂಡರೆ ಸುತ್ತಲಿನ ಕೋಣೆ ಮರೆಯಾಗಿ, ಕತ್ತು ತಿರುಗಿಸಿದತ್ತೆಲ್ಲ ಬೇರೊಂದು ನೋಟ ತೆರೆದುಕೊಳ್ಳುತ್ತದೆ. ಮೊದಲ ದಿನ ಜೋಗದ ದೃಶ್ಯ ಹಾಕಿದೆವು. 253 ಮೀಟರ್ ಆಳಕ್ಕೆ ಬೀಳುವ ನೀರನ್ನು ಬಂಡೆಯಂಚಿನಲ್ಲಿ ನಿಂತು ನೋಡಿದಂತಾಗಿ, ತಲೆ ಸುತ್ತಿ, ಎರಡೇ ನಿಮಿಷದಲ್ಲಿ ಅವರು ಕನ್ನಡಕ ತೆಗೆದಿಟ್ಟರು. ಮಲೆನಾಡಿನವರಿಗೆ ಜೋಗ ತೋರಿಸಿದರೆ ಮನಸ್ಸು ಹಗುರಾದೀತೆಂಬುದು ನಮ್ಮ ಸೋಮಾರಿ ಊಹೆಯಷ್ಟೇ.

ಯಂತ್ರವನ್ನು ಬದಿಗಿಟ್ಟು ಮಾತಿಗೆ ಕೂತಾಗ ವಿಷಯ ಹೊರಬಂತು. “ಮುಖ ಮುಚ್ಚುತ್ತಾರಂತಲ್ಲ, ನಮ್ಮಲ್ಲಿ ಮುಖಕ್ಕೆ ಬಟ್ಟೆ ಎಳೆಯುವುದು ಯಾವಾಗ, ನೀವೇ ಹೇಳಿ,” ಎಂದರು. ಕತ್ತರಿ, ಸೂಜಿಗಳ ಮಾತನ್ನು ಅವರು ಎತ್ತಲೇ ಇಲ್ಲ.

ಎರಡನೆಯ ಭೇಟಿಯಲ್ಲಿ, ರೋಗಿ ಮಲಗುವ ಜಾಗದಿಂದಲೇ ಚಿತ್ರೀಕರಿಸಿದ ಶಸ್ತ್ರಚಿಕಿತ್ಸಾ ಕೊಠಡಿಯ ದೃಶ್ಯವನ್ನು ತೋರಿಸಿದೆ: ಮೇಲಿನ ದೀಪ, ಇಳಿಯುವ ಹಸಿರು ಬಟ್ಟೆ, ಅದರಲ್ಲಿ ಒಂದು ಕಣ್ಣಿಗಷ್ಟೇ ಬಿಟ್ಟ ಕಿಂಡಿ, ಯಂತ್ರದ ಗುಂಯ್ ಸದ್ದು. ಪೊರೆಯಿಂದಾಗಿ ನೋಟ ಮಸುಕಾಗಿದ್ದರೂ ದನಿ ಸ್ಪಷ್ಟವಾಗಿತ್ತು. ಬಟ್ಟೆ ಇಳಿಯುವಲ್ಲಿ ತಡೆದು, ಉಸಿರು ನಿಧಾನಿಸಿದ ಮೇಲೆ ಮುಂದುವರಿಸುತ್ತಿದ್ದೆ. ಮೂರನೆಯ ಸಲ, ತಡೆಯುವುದು ಬೇಡವೆಂದು ಅವರೇ ಹೇಳಿದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಎಚ್ಚರವಿರುತ್ತದೆ, ಮರಗಟ್ಟುವುದು ಕಣ್ಣು ಮಾತ್ರ. ತೊಡಕಿಲ್ಲದಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಬಟ್ಟೆಯನ್ನು ಮೂಗಿನಿಂದ ಮೇಲೆತ್ತಿ ಹಿಡಿಸುವಂತೆ ಮೊದಲೇ ಕೇಳಿಕೊಳ್ಳಬೇಕು. ಕೆಮ್ಮು ಬಂದರೆ ತಲೆ ಅಲ್ಲಾಡಿಸದೆ, ಪಕ್ಕದಲ್ಲಿರುವ ದಾದಿಯ ಕೈ ಅದುಮಬೇಕು. ರಕ್ತದೊತ್ತಡದ ಮಾತ್ರೆಯನ್ನು ವೈದ್ಯರು ಹೇಳದೆ ಬಿಡಬಾರದು. ಯಾವ ಕನ್ನಡಕವೂ ಅದಕ್ಕೆ ಬದಲಿಯಲ್ಲ. ಮಗನಿಗೆ, “ಏನೂ ಆಗುವುದಿಲ್ಲ” ಎಂದು ಪದೇ ಪದೇ ಹೇಳುವುದನ್ನು ನಿಲ್ಲಿಸಲು ತಿಳಿಸಿದೆ. ಚಿಕಿತ್ಸೆಯ ನಂತರ ವೈದ್ಯರು ಒಪ್ಪುವವರೆಗೆ ಅಡಿಕೆ ಬೇಯಿಸುವ ಒಲೆಯ ಹೊಗೆಗೆ ಹೋಗಬಾರದೆಂದಾಗ ಮಾತ್ರ ಅವರು ಮುಖ ಸಣ್ಣಗೆ ಮಾಡಿಕೊಂಡರು.

ಶಸ್ತ್ರಚಿಕಿತ್ಸೆಯ ದಿನ ಪಾಪೆ ಹಿಗ್ಗಿಸುವ ಹನಿ ಹಾಕುವ ಮೊದಲೇ ಹತ್ತು ನಿಮಿಷ ಅದೇ ದೃಶ್ಯ ನೋಡಿದರು. ಒತ್ತಡ ಮನೆಯಲ್ಲಿದ್ದುದಕ್ಕಿಂತ ತುಸು ಹೆಚ್ಚೇ ಇತ್ತು, ಆದರೆ ವೈದ್ಯರು ಒಪ್ಪುವ ಮಿತಿಯಲ್ಲಿತ್ತು, ಶಸ್ತ್ರಚಿಕಿತ್ಸೆ ನಡೆಯಿತು. ಅಡಿಕೆ ಕೊಯ್ಲು ಮುಗಿಸಿ ಇನ್ನೊಂದು ಕಣ್ಣಿಗೆ ಬರುತ್ತಾರಂತೆ. ಕನ್ನಡಕ ಬೇಡ, ಕೈ ಹಿಡಿದ ದಾದಿಯೇ ಇರಲಿ ಎಂದು ಹೇಳಿಕಳಿಸಿದ್ದಾರೆ.